ಮೈಸೂರನ್ನು ಮೊದಲು ಬರೆದ ಬೆಳಿಗ್ಗೆ

ಆ ಬೆಳಿಗ್ಗೆ ಅಪ್ಪನನ್ನು ಒಪ್ಪಿಸಿ ಮನೆಯಿಂದ ಹೊರಟೆನೋ, ಒಪ್ಪಿಸದೆಯೇ ಹೊರಟೆನೋ, ನನಗೆ ಖಚಿತವಿಲ್ಲ. ಹಿಂದಿನ ಸಂಜೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಸಮಾಧಾನವಾಗಿ ಎಲ್ಲ ವಿವರಿಸಿದ್ದೆ ಎಂಬುದು ನನ್ನ ನೆನಪು. ಅಕ್ಕ ಇದನ್ನು ಕೇಳಿದರೆ ನಗುತ್ತಾಳೆ. ನಾನು ಕೂಗಾಡಿದೆನಂತೆ, ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆನಂತೆ. ನಾನು ಅಕ್ಕನನ್ನೇ ನಂಬುತ್ತೇನೆ. ನನ್ನ ನೆನಪಿನಲ್ಲಿ ನಾನು ಅನುಮಾನ ಬರುವಷ್ಟು ಒಳ್ಳೆಯವನಾಗಿದ್ದೇನೆ.

ನಮ್ಮದು ಗಾವಡಗೆರೆ ಕಡೆಯ ಊರು. ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ಬೇಯಿಸಿ, ಬೇಲು ಕಟ್ಟಿ ಹರಾಜಿಗೆ ಒಯ್ಯುವ ಮನೆ. ಸಿಇಟಿಯಲ್ಲಿ ನನಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಕಣ್ಣಿದ್ದದ್ದು ಎರಡು ವಿಶ್ವವಿದ್ಯಾಲಯಗಳ ಮೇಲೆ, ಒಂದು ಬೆಂಗಳೂರಿನದು, ಒಂದು ಮೈಸೂರಿನದು. ಎರಡರಲ್ಲೂ ಮೆಕ್ಯಾನಿಕಲ್ ಗಟ್ಟಿಯಾಗಿತ್ತು. ಹೆಸರಿನಲ್ಲಿ ಬೆಂಗಳೂರಿನದು ಒಂದು ಕೈ ಮೇಲೆ. ಮೈಸೂರಿನದರ ವರ್ಕ್‌ಶಾಪನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೆ. ಅಲ್ಲಿ ಮೂರನೇ ವರ್ಷದವಳೊಬ್ಬಳು ಒಂದು ಪಂಪನ್ನು ಪೂರಾ ಬಿಚ್ಚಿ ನೆಲದ ಮೇಲೆ ಹರವಿಕೊಂಡಿದ್ದಳು. ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, "ಹಿಡ್ಕೊ, ಸುಮ್ನೆ ನೋಡ್ತಾ ನಿಂತ್ರೆ ಏನೂ ಬರಲ್ಲ" ಅಂದಿದ್ದಳು.

ಬೇಕಾದ ಕಾಲೇಜುಗಳನ್ನು ಆನ್‌ಲೈನಿನಲ್ಲಿ ಒಂದರ ಕೆಳಗೊಂದು ನಮೂದಿಸಬೇಕಿತ್ತು. ಅಪ್ಪ ಕೂತು ಅನುಕ್ರಮ ಹೇಳಿದರು. ಬೇಡವಾದವು ಮೇಲೆ, ಬೇಕಾದ ಎರಡು ಕೊನೆಗೆ.

"ಹರಾಜ್ನಲ್ಲಿ ಮೊದ್ಲು ಅಡಿ ಎಲೆ ಹಾಕ್ಬೇಕು ಕಣ್ಲಾ. ರೇಟು ಎಂಗದೆ ಅಂತ ನೋಡ್ಕೊಂಡು ಆಮೇಲೆ ನಡು ಎಲೆ ಇಳಿಸ್ಬೇಕು. ಒಳ್ಳೆ ಮಾಲು ಮೊದ್ಲೇ ತೋರಿಸ್ಬುಟ್ರೆ ಕೆಟ್ಟೆ."

ನಾನು ಹಾಗೆಯೇ ಮಾಡಿದೆ. ಇದರ ತಪ್ಪನ್ನು ಅಪ್ಪನ ಮೇಲೆ ಹೊರಿಸುವಂತಿಲ್ಲ. ನಿಯಮಗಳ ಪುಟ ನನ್ನ ಮುಂದೆಯೇ ತೆರೆದಿತ್ತು. ಹುಟ್ಟಿದಾಗಿನಿಂದ ಹರಾಜು ನೋಡಿದ್ದ ನನಗೂ ಆ ಮಾತು ಸರಿಯೆಂದೇ ತೋರಿತ್ತು.

ಅಣಕು ಹಂಚಿಕೆಯ ಫಲಿತಾಂಶ ಬಂತು. ಅಂತಿಮ ಹಂಚಿಕೆಗೆ ಮುಂಚೆ, ಈಗಿನ ಪಟ್ಟಿಯಂತೆ ಏನು ಸಿಗುತ್ತದೆಂದು ತೋರಿಸುವ ಸುತ್ತು ಅದು. ನನಗೆ ಸಿಕ್ಕಿದ್ದು ಪಟ್ಟಿಯ ಮೊದಲ ಸಾಲಿನಲ್ಲಿದ್ದ, ನಾವ್ಯಾರೂ ಬಯಸದ ಕಾಲೇಜು. ಅಪ್ಪನಿಗೆ ಮಾತ್ರ ಖುಷಿ.

"ನೋಡ್ದಾ? ಹರಾಜ್ ಕೂಗು ಶುರುವಾಯ್ತು. ಇನ್ಮೇಲೆ ಏರ್ತದೆ ಬುಡು."

ಆಗ ನಾನು ನಿಯಮಗಳನ್ನು ಓದಿದೆ. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ, ರ‍್ಯಾಂಕಿಗೆ ಎಟುಕಿದ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಏರುವುದು ಎಂಬುದೇ ಇಲ್ಲ. ಪಟ್ಟಿ ಬದಲಿಸಲು ಮಾರನೆಯ ದಿನ ಹನ್ನೊಂದು ಗಂಟೆಯವರೆಗೆ ಮಾತ್ರ ಅವಕಾಶವಿತ್ತು. ಅಕ್ಕ ಹೇಳುವ ಕೂಗಾಟ ನಡೆದದ್ದು ಆ ಸಂಜೆಯೇ ಇರಬೇಕು.

ಬೆಳಿಗ್ಗೆ ಬಸ್ಸು ಹಿಡಿದು ಹುಣಸೂರಿಗೆ ಹೋದೆ. ಕಂಪ್ಯೂಟರ್ ಅಂಗಡಿಯವರು ಪಟ್ಟಿ ತೆರೆದು ಬೇಡವಾದವನ್ನೆಲ್ಲ ಕೆಳಕ್ಕೆ ತಳ್ಳಿದರು. ಮೇಲೆ ಎರಡು ಉಳಿದವು. ಅಪ್ಪನ ಹಳೆಯ ಪಟ್ಟಿಯಲ್ಲಿ ಅವೆರಡರಲ್ಲಿ ಯಾವುದು ಹೆಚ್ಚು ಎಂದು ನಾನು ನಿರ್ಧರಿಸಬೇಕಾಗಿಯೇ ಇರಲಿಲ್ಲ. ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಯಾವ್ದು ಮೇಲಾಕ್ಲಿ?"

"ಮೈಸೂರು."

"ಈ ರ‍್ಯಾಂಕಿಗೆ ಬೆಂಗ್ಳೂರು ಸಿಕ್ತದೆ ಕಣಪ್ಪ. ಜನ ಅದುಕ್ಕೆ ಸಾಯ್ತಾವ್ರೆ. ಇನ್ನೊಂದ್ಸಲಿ ಯೋಚ್ನೆ ಮಾಡು."

"ಮಾಡಿದೀನಿ ಅಣ್ಣ. ಮೈಸೂರೇ ಹಾಕಿ."

ಮಾಡಿದ್ದೆನೇ? ಸ್ಪ್ಯಾನರ್ ಹಿಡಿದದ್ದು ಐದು ನಿಮಿಷವಿರಬಹುದು. ಅಷ್ಟನ್ನು ನಂಬಿ ನಾಲ್ಕು ವರ್ಷ ತೀರ್ಮಾನಿಸುವುದು ತರ್ಕವಲ್ಲ. ಆದರೆ ಇನ್ನೊಂದರ ಬಗ್ಗೆ ನನ್ನಲ್ಲಿದ್ದದ್ದು ಬರೀ ಬೇರೆಯವರ ಮಾತು.

ಬದಲಾವಣೆ ಉಳಿಯಬೇಕಾದರೆ ಒಟಿಪಿ ಬೇಕಿತ್ತು. ಅದು ಬರುವುದು ಅಪ್ಪನ ಫೋನಿಗೆ. ಹಾಗಾಗಿ ಅವರಿಗೆ ತಿಳಿಯದೆ ಮಾಡಿದೆನೆಂಬ ಕಥೆಯನ್ನೂ ನಾನು ಕಟ್ಟಿಕೊಳ್ಳುವಂತಿಲ್ಲ. ಫೋನ್ ಮಾಡಿದೆ. ಅವರು ಸೊಪ್ಪು ಮುರಿಯುವ ಆಳುಗಳೊಂದಿಗೆ ಹೊಲದಲ್ಲಿದ್ದರು.

"ಅಪ್ಪ, ಒಂದು ನಂಬರ್ ಬಂದಿರ್ತದೆ, ಓದು."

"ಯಾವ್ದು ಮೇಲಾಕ್ದೆ?"

"ಮೈಸೂರು."

ಸೊಪ್ಪಿನ ಅಂಟು ಹತ್ತಿದ ಕೈಗೆ ಫೋನಿನ ಪರದೆ ಸರಿಯುತ್ತಿರಲಿಲ್ಲವೆಂದು ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಹೆಂಗಸು "ಕೈ ಒರಸ್ಕೊಳಿ ಗೌಡ್ರೆ, ಫೋನ್ಗೂ ಸೊಪ್ಪು ಬಳೀತೀರಾ" ಎಂದದ್ದು ಕೇಳಿಸಿತು. ಆಮೇಲೆ ಅಪ್ಪ ಒಂದೊಂದೇ ಅಂಕಿ ಓದಿದರು. ಮುಗಿದ ಮೇಲೆ ಹೇಳಿದರು:

"ನಾನೇನು ಒಪ್ಕಂಡಿಲ್ಲ ಕಣ್ಲಾ. ನಂಬರ್ ಓದಿವ್ನಿ ಅಷ್ಟೇಯ."

ಮೈಸೂರೇ ಸಿಕ್ಕಿತು. ಓದಿದೆ, ಮುಗಿಸಿದೆ. ಬೆಂಗಳೂರು ಸಿಗುತ್ತಿತ್ತು, ನಾನೇ ಬಿಟ್ಟೆ ಎಂದು ಎಷ್ಟೋ ಕಡೆ ಹೇಳಿಕೊಂಡೆ. ಹೇಳಿದಷ್ಟೂ ಅನುಮಾನ ಹೆಚ್ಚಾಯಿತು. ಬಹುಶಃ ಅದು ಸಿಗುತ್ತಲೇ ಇರಲಿಲ್ಲ, ಅಂಗಡಿಯವರ ಒಂದು ಮಾತನ್ನು ಹಿಡಿದು ನಾನು ದೊಡ್ಡದು ಮಾಡಿಕೊಂಡಿದ್ದೆ.

ಹೋದ ತಿಂಗಳು ಆ ವರ್ಷದ ಕಟ್‌ಆಫ್ ಪಟ್ಟಿಯನ್ನು ಹುಡುಕಿ ತೆಗೆದೆ. ಬೆಂಗಳೂರಿನ ಆ ವಿಶ್ವವಿದ್ಯಾಲಯದಲ್ಲಿ ನನ್ನ ವರ್ಗಕ್ಕೆ ಮೆಕ್ಯಾನಿಕಲ್ ಸೀಟು ಮೊದಲ ಸುತ್ತಿನಲ್ಲೇ ನನಗಿಂತ ಸಾಕಷ್ಟು ಹಿಂದಿನ ರ‍್ಯಾಂಕಿನವರಿಗೂ ಸಿಕ್ಕಿತ್ತು.