ಕೂಲಿ ಬೇಡವೆಂದ ಮೆಕ್ಯಾನಿಕ್

ದುಡ್ಡು ತಗೊಳ್ಳಿ ಎಂದು ಯಾರಿಗಾದರೂ ಕೈಮುಗಿದಿದ್ದೀರಾ? ನಾನು ಮೊನ್ನೆ ಹೊನ್ನಾಳಿಯಲ್ಲಿ ಮುಗಿದೆ. ಅವರು ತಗೊಳ್ಳಲಿಲ್ಲ.

ಎಪ್ಪತ್ತೇಳನೇ ಇಸವಿಯಲ್ಲಿ ಬುಕಿಂಗಿಗೆ ಹೆಸರು ಬರೆಸಿ, ಆರು ವರ್ಷ ಕಾದು ಪಡೆದ ಸ್ಕೂಟರ್ ನನ್ನದು. (ಅಷ್ಟರಲ್ಲಿ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಸ್ಕೂಟರೇ ತಡ.) ಭಾನುವಾರ ನ್ಯಾಮತಿಯಲ್ಲಿ ನಾದಿನಿಯ ಸೀಮಂತ. ಮೂವರೂ ಸ್ಕೂಟರಿನಲ್ಲೇ ಬರುತ್ತೇವೆಂದು ಮಾವನವರಿಗೆ ಕಾಗದ ಬೇರೆ ಹಾಕಿಬಿಟ್ಟಿದ್ದೆ. ಇರಲಿ, ಒಮ್ಮೆ ಚೆಕ್ ಮಾಡಿಸೋಣ ಅಂತ ಶನಿವಾರ ಬೆಳಿಗ್ಗೆ ಬಾಷಾ ಸಾಬರ ಗ್ಯಾರೇಜಿನಲ್ಲಿ ಬಿಟ್ಟು ಆಫೀಸಿಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಗಾಡಿಗೆ ಮುಂದಿನ ಚಕ್ರವೇ ಇಲ್ಲ!

"ಗಾಡಿ ಫೇಲಾತು ಸಾರ್," ಅಂದರು ಬಾಷಾ ಸಾಬರು. "ಮುಂದಿನ ಬ್ರೇಕು ಇಲ್ವೇ ಇಲ್ಲ. ಹಿಂದಿಂದು ಐತೆ ಅನ್ನಂಗೆ ಐತೆ ಅಷ್ಟೇ. ಬ್ರೇಕಿನ ಡ್ರಮ್ಮೇ ಸೀಳೈತೆ. ಸಾಮಾನು ದಾವಣಗೆರೆಯಿಂದ ಬರಬೇಕು. ಬುಧವಾರ ಬರ್ರಿ. ಬಿಚ್ಚಿ ನೋಡಿದ್ದಕ್ಕೆ ಐದು ರೂಪಾಯಿ ಕೂಲಿ."

"ನಾಳೇನೇ ಸೀಮಂತ ರೀ! ಹಂಗೇ ಚಕ್ರ ಹಾಕಿ ಕೊಡ್ರಿ, ನಿಧಾನಕ್ಕೆ ಹೋಗ್ತೀನಿ."

"ಕೊಡಾಕೆ ಬರಲ್ಲ ಸಾರ್."

ಮೈಯೆಲ್ಲ ಉರಿಯಿತು. ಕೊಡಾಕೆ ಬರಲ್ಲವಂತೆ! ಗಾಡಿ ನನ್ನದು. ಆರ್.ಸಿ. ಪುಸ್ತಕ ನನ್ನ ಹೆಸರಲ್ಲಿದೆ. ಇವರೇನು ಬ್ರೇಕ್ ಇನ್‌ಸ್ಪೆಕ್ಟರೇ? ನೆಟ್ಟಗೆ ನಮ್ಮ ಬೀದಿಯ ವಕೀಲ ರುದ್ರಪ್ಪನವರ ಮನೆಗೆ ಹೋದೆ.

"ಅಪಾಯದ ಗಾಡಿ ಅಂತ ಹಿಡ್ಕಣಾಕೆ ಗ್ಯಾರೇಜಿನೋರಿಗೆ ಅಧಿಕಾರ ಇಲ್ಲ ಬಿಡ್ರಿ," ಅಂದರು ವಕೀಲರು. "ಬಸ್ಸು, ಲಾರಿ ಆದ್ರೆ ಎಫ್.ಸಿ. ಮಾಡೋ ಸರ್ಕಾರದೋರು ತಡೀತಾರೆ. ಇವರ್ಯಾರು ತಡಿಯಾಕೆ?"

ಎದೆ ಉಬ್ಬಿತು.

"ಆದ್ರೆ ಬ್ರೇಕಿಲ್ಲದ ಗಾಡಿ ಓಡಿಸಿದ್ರೆ ಪೊಲೀಸ್ನೋರು ನಿಮ್ಮನ್ನ ಹಿಡೀತಾರೆ."

ಉಬ್ಬಿದ್ದು ಇಳಿಯಿತು. ಅವರು ಇಟ್ಟುಕೊಳ್ಳುವಂತಿಲ್ಲ, ನಾನು ಓಡಿಸುವಂತಿಲ್ಲ. ಹಾಗಾದರೆ ಗಾಡಿ ಎಲ್ಲಿರಬೇಕು ಸ್ವಾಮಿ, ಆಕಾಶದಲ್ಲೇ?

"ಇನ್ನೊಂದೈತೆ. ಕೂಲಿ ಬಾಕಿ ಇದ್ರೆ, ಅದು ಕೊಡೋತನಕ ಅವರು ಗಾಡಿ ಹಿಡ್ಕಬಹುದು. ಮೊದ್ಲು ಅದನ್ನ ಕೊಟ್ಟುಬಿಡ್ರಿ."

ನನಗಂತೂ ಇದು ಇನ್ನೂ ಅರ್ಥವಾಗಿಲ್ಲ, ನಿಮಗಾದರೆ ತಿಳಿಸಿ. ಜೀವ ಹೋಗುತ್ತದೆ ಅಂತ ಹಿಡಿಯುವಂತಿಲ್ಲ, ಐದು ರೂಪಾಯಿ ಬರಬೇಕು ಅಂತ ಹಿಡಿಯಬಹುದು!

ಆಗ ಅಷ್ಟೆಲ್ಲ ಯೋಚಿಸುವ ಪುರುಸೊತ್ತು ಎಲ್ಲಿತ್ತು? ಓಡಿಹೋಗಿ ಬಾಷಾ ಸಾಬರ ಮುಂದೆ ಐದರ ನೋಟು ಚಾಚಿ, ವಕೀಲರು ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಒಪ್ಪಿಸಿದೆ. (ಅದೇ ನಾನು ಮಾಡಿದ ತಪ್ಪು.) ಅವರು ಗಮನವಿಟ್ಟು ಕೇಳಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೂಲಿ ಬ್ಯಾಡ ಸಾರ್."

"ಯಾಕ್ರೀ?"

"ತಗಂಡ್ರೆ ಗಾಡಿ ಕೊಡಬೇಕಲ್ಲ?"

ಕೈಮುಗಿದೆ. ಗದರಿದೆ. ಜೇಬಿಗೆ ತುರುಕಲು ಹೋದೆ, ಹಿಂದಕ್ಕೆ ಸರಿದರು. ಪಕ್ಕದ ಟೀ ಅಂಗಡಿಯವರೆಲ್ಲ ಲೋಟ ಹಿಡಿದು ಎದ್ದು ಬಂದರು. ಕಾನೂನು ಈಗ ಯಾರ ಕಡೆಗಿದೆ? ಕೂಲಿ ಬಾಕಿ ಇದೆಯೋ ಇಲ್ಲವೋ? ತಲೆ ಚಿಟ್ಟು ಹಿಡಿದುಹೋಯಿತು.

"ಸತ್ತರೆ ನಾನು ಸಾಯ್ತೀನಿ, ನಿಮಗೇನ್ರೀ ಕಷ್ಟ?" ಅಂತ ಕೂಗಿಬಿಟ್ಟೆ.

ಅವರು ಕೂಗಲಿಲ್ಲ. "ನೀವು ಸೀಟಿನ ಮ್ಯಾಲೆ ಕೂರ್ತೀರಿ ಸಾರ್. ಮುಂದೆ ಹ್ಯಾಂಡಲ್ ಹಿಡ್ಕಂಡು ನಿಂತ್ಕಳಾದು ಪಾಪು."

ನನ್ನ ಮಗಳಿಗೆ ಐದು ವರ್ಷ. ಯಾವಾಗಲೂ ನಿಲ್ಲುವುದು ಅಲ್ಲೇ, ನನ್ನ ಎರಡು ತೋಳುಗಳ ನಡುವೆ. ಗ್ಯಾರೇಜು ದಾಟುವಾಗ ಒಂದು ಕೈ ಬಿಟ್ಟು "ಬಾಷಾ ತಾತಾ, ಟಾಟಾ!" ಅನ್ನುತ್ತಾಳೆ. ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ನೋಟು ಜೇಬಿಗಿಟ್ಟುಕೊಂಡು ಮನೆಗೆ ನಡೆದೆ.

ಭಾನುವಾರ ನ್ಯಾಮತಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಮಾವನವರು ಬಾಗಿಲಲ್ಲೇ ಕೇಳಿದರು, "ಎಲ್ಲೈತ್ರಿ ಸ್ಕೂಟರು?"

"ಗ್ಯಾರೇಜಿನವರು ಹಿಡ್ಕೊಂಡಿದಾರೆ."

"ಅವರಿಗೇನು ಅಧಿಕಾರ ಐತ್ರಿ?"

ಅಧಿಕಾರ ಇಲ್ಲ, ನಿಜ. ಆದರೆ ಬ್ರೇಕಿಲ್ಲದ ಗಾಡಿಯಲ್ಲಿ ಮುಂದೆ ಮಗಳನ್ನು ನಿಲ್ಲಿಸುವ ಅಧಿಕಾರ, ನನ್ನ ಆರ್.ಸಿ. ಪುಸ್ತಕದ ಯಾವ ಪುಟದಲ್ಲಿದೆ?