ಗೋಡೆಪಟದ ಮನುಷ್ಯನ ಬಲಗಡೆ

ಅದು ಸಾವಿರದ ಒಂಬೈನೂರ ನಲವತ್ಮೂರನೇ ಇಸವಿ, ಯುಗಾದಿ ಕಳೆದ ವಾರ. ಯುದ್ಧದ ಕಾಲ. ಸೀಮೆಎಣ್ಣೆ, ಸಕ್ಕರೆಗೆಲ್ಲ ಪರದಾಟ. ಪೆಟ್ರೋಲಂತೂ ದೊಡ್ಡವರ ಮನೆಯ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೊಟ್ಟೆಯಲ್ಲಿ ಮೊದಲನೇ ಕೂಸು, ನಾಲ್ಕನೇ ತಿಂಗಳು. ಹಾಸನದ ಹತ್ತಿರ, ಶಾಂತಿಗ್ರಾಮದ ಪಕ್ಕದ ಹಳ್ಳಿ ನಮ್ಮದು, ಬೇಸಾಯದ ಮನೆ.

ಹಬ್ಬದಲ್ಲಿ ನಮ್ಮ ಯಜಮಾನರು ಒಬ್ಬಟ್ಟನ್ನು ಚೆನ್ನಾಗಿಯೇ ಬಾರಿಸಿದ್ದರು. ಅದಾದ ಮೇಲೆ ಹೊಟ್ಟೆನೋವು ಶುರುವಾಯಿತು. ಮೊದಲು ಹೊಕ್ಕಳ ಸುತ್ತ ಅಂದರು, ಆಮೇಲೆ ನೋವು ಕೆಳಗಿಳಿದು ಬಲಗಡೆಯ ಕಿಬ್ಬೊಟ್ಟೆಯಲ್ಲಿ ಕೂತಿತು. ತೌಡು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದವಳು ನಾನೇ, ಹಾಗಾಗಿ ಆ ಜಾಗ ನನಗೆ ಚೆನ್ನಾಗಿ ಗೊತ್ತು. ಗಂಟು ತಾಗಿದರೆ ಸಾಕು, ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಬಲಗಾಲು ಮಡಿಚಿಕೊಂಡು ಮಲಗಿದವರು ನೀಡಲೇ ಒಲ್ಲರು.

ನಮ್ಮತ್ತೆಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು, ಹರಳೆಣ್ಣೆ. "ಒಬ್ಬಟ್ಟು ಕಟ್ಕೊಂಡದೆ. ಒಂದು ಬಟ್ಲು ಎಣ್ಣೆ ಬಿದ್ರೆ ಎಲ್ಲಾ ಕಿತ್ಕೊಂಡ್ ಓಯ್ತದೆ" ಅಂತ ಬಟ್ಟಲು ಬೆಚ್ಚಗೆ ಮಾಡಿಯೇಬಿಟ್ಟರು. ಮಾವನವರು ಮಾತ್ರ ಬೇಡ ಅಂದರು. "ತಡಿ, ಆಸನಕ್ಕೆ ಓಗಿ ಡಾಕ್ಟ್ರನ್ನ ಕೇಳ್ಕೊಂಡು ಬತ್ತೀನಿ. ಅವ್ರು ಕೊಡು ಅಂದ್ರೆ ಕೊಡುವಂತೆ."

ಆಗೆಲ್ಲ ರೋಗಿಯನ್ನು ಕರೆದುಕೊಂಡು ಹೋಗುವುದು ಕಡಿಮೆ. ಮನೆಯವರು ಖಾಲಿ ಸೀಸೆ ಹಿಡಿದುಕೊಂಡು ಹೋಗಿ, ಬಾಯಲ್ಲಿ ಹೇಳಿ, ಔಷಧಿ ತುಂಬಿಸಿಕೊಂಡು ಬರುವುದು. ಇವರಿಗಂತೂ ಗಾಡಿಯಲ್ಲಿ ಕೂರಲು ತ್ರಾಣವಿರಲಿಲ್ಲ. "ನೋವು ಯಾವಾಗ ಬಂತು, ಏನು ಉಂಡ ಅಂತ ಕೇಳಿದ್ರೆ ನಂಗೇನ್ ಗೊತ್ತು? ಅವ್ಳೂ ಬರ್ಲಿ" ಅಂದರು ಮಾವ. ಬಸುರಿಯನ್ನು ಯಾಕೆ ಬಸ್ಸಿನಲ್ಲಿ ಕುಲುಕಿಸುತ್ತೀರಿ ಅಂತ ಅತ್ತೆ ಗೊಣಗಿದರೂ ಕಳಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಒಬ್ಬರ ನೋವನ್ನು ಇನ್ನೊಬ್ಬರು ತಮ್ಮ ಮೈಮೇಲೆ ತೋರಿಸಬಾರದು ಅನ್ನುವುದು ನಮ್ಮ ಕಡೆ ದೊಡ್ಡ ಕಟ್ಟಳೆ. ತೋರಿಸಿದರೆ ಆ ನೋವು ಅಲ್ಲೇ ಬಂದು ಕೂರುತ್ತದೆ ಅಂತ. ಮರೆತು ತೋರಿಸಿಬಿಟ್ಟರೆ ಆ ಜಾಗವನ್ನು ಕೈಯಲ್ಲಿ ಸವರಿ, ಉಫ್ ಅಂತ ಊದಿ ಬಿಸಾಕಬೇಕು. ಬಸುರಿಯರಂತೂ ಕೈ ಎತ್ತುವ ಹಾಗೇ ಇಲ್ಲ.

ಡಾಕ್ಟರ ಕೋಣೆಯಲ್ಲಿ ಮಾವ ಕೈಕಟ್ಟಿ ನಿಂತರು. ಮಾವನ ಎದುರು ಸೊಸೆ ಮುಂದೆ ಬರುವುದುಂಟೇ, ನಾನು ಬಾಗಿಲ ಹೊರಗೆ ಸೆರಗು ಹೊದ್ದು ನಿಂತೆ. ಡಾಕ್ಟರು ಒಳ್ಳೆಯವರು, ಆದರೆ ಅವತ್ತು ಹೊರಗೆ ಜನ ಕಿಕ್ಕಿರಿದಿದ್ದರು.

"ಮಗನಿಗೆ ಹೊಟ್ಟೆನೋವು ಸ್ವಾಮಿ" ಅಂದರು ಮಾವ.

"ಹೊಟ್ಟೆ ಅಂದ್ರೆ ಎಲ್ಲಿ? ನಿಮ್ಮ ಕಡೆಯೋರಿಗೆ ಎದೆಯಿಂದ ತೊಡೆವರೆಗೂ ಹೊಟ್ಟೆನೇ. ಕೈಯಿಟ್ಟು ತೋರಿಸಿ."

ಮಾವ ಕೈ ಬಿಚ್ಚಲಿಲ್ಲ. ಗೋಡೆಯ ಮೇಲೆ ಒಂದು ದೊಡ್ಡ ಪಟವಿತ್ತು. ಚರ್ಮ ಸುಲಿದ ಮನುಷ್ಯ. ಕರುಳು, ಪಿತ್ತಕೋಶ, ಮೂತ್ರಪಿಂಡ ಎಲ್ಲ ಬಣ್ಣಬಣ್ಣವಾಗಿ ಕಾಣುತ್ತಿದ್ದವು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರುಗಳು. ಮಾವನಿಗೆ ಅದನ್ನು ಕಂಡು ಜೀವ ಬಂದ ಹಾಗಾಯಿತು. ಕಾಗದದ ಮನುಷ್ಯನಿಗೆ ನೋವು ಬಂದರೆ ಯಾರಪ್ಪನ ಗಂಟು ಹೋಗುತ್ತದೆ? ಪಟದ ಎದುರು ನೆಟ್ಟಗೆ ನಿಂತು, ತಮ್ಮ ಬಲಗಡೆಗೆ ಬರುವ ಹಾಗೆ ಕೆಳಗೆ ಬೆರಳಿಟ್ಟು "ಇಲ್ಲಿ ಸ್ವಾಮಿ, ಇದೇ ಜಾಗ" ಅಂದರು. ಬಾಗಿಲಿನಿಂದ ನೋಡುತ್ತಿದ್ದ ನನಗೂ ಅದು ಸರಿಯಾಗಿಯೇ ಕಂಡಿತು.

ಡಾಕ್ಟರು ಕಾಂಪೌಂಡರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹಬ್ಬದಲ್ಲಿ ಏನು ತಿಂದರು ಅಂತ ಕೇಳಿ ನಕ್ಕರು. "ಗಾಬರಿ ಇಲ್ಲ. ಮಲ ಕಟ್ಟಿದೆ. ಹೋದ ತಕ್ಷಣ ಹರಳೆಣ್ಣೆ ಕೊಡಿ, ಆಮೇಲೆ ಈ ಮಿಕ್ಸ್‌ಚರು" ಅಂದರು. ಹೊರಗೆ ಬಂದ ಮಾವನ ಮುಖ ಅರಳಿತ್ತು. "ನಿಮ್ಮತ್ತೆ ಏಳಿದ್ದೇ ಸರಿ ಆಯ್ತು ನೋಡವ್ವಾ, ಇನ್ನು ಅವ್ಳನ್ನ ಇಡಿಯೋರಿಲ್ಲ" ಅಂದರು. ನನಗೂ ಅರ್ಧ ಭಾರ ಇಳಿಯಿತು.

ಆಗಿನ ಬಸ್ಸು ಇದ್ದಿಲ ಬಸ್ಸು. ಹಿಂದೆ ದೊಡ್ಡ ಒಲೆ, ಅದಕ್ಕೆ ಇದ್ದಿಲು ಸುರಿದು, ಕ್ಲೀನರು ಬೆವರು ಸುರಿಸಿಕೊಂಡು ಗಾಳಿ ತಿರುವಿ ತಿರುವಿ, ಒಲೆಗೆ ಮನಸ್ಸು ಬಂದಾಗ ಬಸ್ಸು ಹೊರಡುವುದು. ಒಳಗೆ ಎದುರುಬದುರು ಹಲಗೆ. ನನ್ನ ಎದುರಿಗೆ ಕೊರವಂಗಲದ ಕಡೆಯ ಒಬ್ಬ ಹೆಂಗಸು ಕೂತು ಎಲೆಅಡಿಕೆ ಹಾಕುತ್ತಿದ್ದಳು. ಸುಮ್ಮನೆ ಅವಳ ಸೀರೆಯ ಅಂಚು ನೋಡುತ್ತಿದ್ದೆ. ಸೆರಗು ಎಡಹೆಗಲ ಮೇಲಿತ್ತು, ಎಲ್ಲರ ಹಾಗೆ. ಆದರೆ ನನಗೆ ಅದು ನನ್ನ ಬಲಗೈ ಕಡೆಗೆ ಕಾಣುತ್ತಿತ್ತು.

ನನ್ನ ಹೆಗಲು ಮುಟ್ಟಿ ನೋಡಿಕೊಂಡೆ, ಮತ್ತೆ ಅವಳದು ನೋಡಿದೆ. ಪಟದ ಮನುಷ್ಯನೂ ಹೀಗೇ ನಮ್ಮ ಎದುರಿಗೆ ಮುಖ ಮಾಡಿ ನಿಂತವನಲ್ಲವೇ? ಮಾವ ಬೆರಳಿಟ್ಟದ್ದು ಅವನ ಎಡಗಡೆಗೆ. ಡಾಕ್ಟರು ಔಷಧಿ ಕೊಟ್ಟಿದ್ದು ಎಡಗಡೆಯ ನೋವಿಗೆ.

ಎಡವಾದರೇನು, ಬಲವಾದರೇನು, ಎರಡೂ ಹೊಟ್ಟೆಯೇ ಅಂತ ಮನಸ್ಸು ಸಮಾಧಾನ ಹೇಳಿತು. ಆದರೆ ಎರಡೂ ಒಂದೇ ಆಗಿದ್ದರೆ ಡಾಕ್ಟರು ಯಾಕೆ ಕೈಯಿಟ್ಟು ತೋರಿಸಿ ಅನ್ನುತ್ತಿದ್ದರು? ಅಷ್ಟರಲ್ಲಿ ಬಸ್ಸು ಗುರ್ರ್ ಅಂದಿತು. ಎರಡು ವರ್ಷದಲ್ಲಿ ಮಾವನ ಹತ್ತಿರ ನಾನಾಗಿ ಒಂದು ಮಾತು ಎತ್ತಿದವಳಲ್ಲ. ಅವತ್ತು ಅಂಗಿಯ ತೋಳನ್ನೇ ಹಿಡಿದೆ.

"ಮಾವಯ್ಯಾ, ಇಳೀಬೇಕು. ಜಾಗ ತಪ್ಪಾಗ್ಬುಟ್ಟದೆ."

"ಯಾವ ಜಾಗ? ಸರಿಯಾಗಿ ಕೂತ್ಕಳವ್ವಾ."

"ಪಟದಲ್ಲಿ ತೋರ್ಸಿದ ಜಾಗ. ನೀವು ತೋರ್ಸಿದ್ದು ಅವನ ಎಡಗಡೆ."

"ನಂಗೆ ಎಡ ಬಲ ತಿಳೀದಾ? ನಲವತ್ತು ವರ್ಷದಿಂದ ಎತ್ತು ಕಟ್ತಿವ್ನಿ" ಅಂತ ಸಿಟ್ಟಾದರು. ವಾದ ಮಾಡುವಷ್ಟು ಹೊತ್ತಿರಲಿಲ್ಲ. "ಹಂಗಾದ್ರೆ ನನ್ನ ಎದುರಿಗೆ ನಿಂತ್ಕಂಡು ಬಲಗೈ ಎತ್ತಿ ಮಾವಯ್ಯಾ" ಅಂದೆ. ಬಸ್ಸಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಏನನ್ನಿಸಿತೋ, ಎದ್ದು ಎತ್ತಿದರು. ನಾನೂ ಎತ್ತಿದೆ. ನನ್ನ ಕೈ ಈ ಕಿಟಕಿಯ ಕಡೆ, ಅವರ ಕೈ ಆ ಕಿಟಕಿಯ ಕಡೆ. ಮಾವ ಒಂದು ಗಳಿಗೆ ಎರಡು ಕೈಯನ್ನೂ ನೋಡಿದರು. ಮುಖ ಬೂದಿಯಾಯಿತು. "ತಡೀಲಾ, ಇಳಿಸ್ಲಾ" ಅಂತ ಕ್ಲೀನರಿಗೆ ಕೂಗು ಹಾಕಿ ನನಗಿಂತ ಮುಂಚೆ ಅವರೇ ಧುಮುಕಿದರು.

ನಾವು ಹೋಗುವ ಹೊತ್ತಿಗೆ ಡಾಕ್ಟರು ಊಟಕ್ಕೆ ಏಳುತ್ತಿದ್ದರು. "ಮತ್ತೇನ್ರೀ?" ಅಂದರು. ಮಾವನಿಗೆ ಏದುಸಿರು. "ಅವನ ಬಲ... ನಮ್ಮ ಎಡ..." ಅಂತ ತಡವರಿಸಿದರು. ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಇನ್ನು ಇವರು ಹೇಳಿ ಮುಗಿಸುವುದಿಲ್ಲ ಅನ್ನಿಸಿತು. ಒಳಗೆ ನುಗ್ಗಿದೆ. ಸೆರಗಿನ ಮೇಲೆ, ನನ್ನ ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಅಂಗೈ ಒತ್ತಿ, "ಇಲ್ಲಿ ಸ್ವಾಮಿ. ನೋವು ಇರೋದು ಇಲ್ಲಿ" ಅಂದೆ.

"ಅಯ್ಯೋ ತಾಯಿ, ನಿನ್ ಮೈಮ್ಯಾಲೆ ತೋರಿಸ್ಕೊಬ್ಯಾಡ, ಕೈ ತೆಗಿ" ಅಂತ ಮಾವ ಕಿರುಚಿದರು. ನಾನು ಕೈ ತೆಗೆಯಲಿಲ್ಲ. ಹೆದರಿಕೆ ಆಗಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ. ಆ ಕೈಯ ಕೆಳಗೆ ನನ್ನ ಮಗುವಿತ್ತು.

ಡಾಕ್ಟರು ಕೂತೇಬಿಟ್ಟರು. "ಮೊದಲು ಹೊಕ್ಕಳ ಸುತ್ತ ಇತ್ತೇನಮ್ಮ? ಆಮೇಲೆ ಇಲ್ಲಿಗಿಳೀತಾ? ಕಾಲು ಮಡಿಚ್ಕೊಂಡಿದಾರಾ?" ಎಲ್ಲದಕ್ಕೂ ಹೌದು ಅಂದೆ. ಅವರ ಮುಖವೇ ಬದಲಾಯಿತು. "ದೊಡ್ಡ ಕರುಳು ಶುರುವಾಗೋ ಕಡೆ ಕಿರುಬೆರಳಷ್ಟು ಒಂದು ಬಾಲ ಇರುತ್ತೆ, ಅಪೆಂಡಿಕ್ಸ್ ಅಂತ. ಅದು ಊದಿಕೊಂಡಿರೋ ಹಾಗಿದೆ. ಆಪರೇಷನ್ ಆಗಬೇಕು. ಈಗ ಭೇದಿ ಔಷಧಿ ಬಿದ್ರೆ ಒಡೆದು ಹೋಗುತ್ತೆ. ಒಡೆದರೆ ನನ್ನ ಕೈಲಿ ಏನೂ ಇರಲ್ಲ. ಹರಳೆಣ್ಣೆ ಕೊಟ್ಟಿಲ್ಲ ತಾನೇ?"

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಅತ್ತೆ ಬಟ್ಟಲು ಬೆಚ್ಚಗೆ ಮಾಡಿಟ್ಟುಕೊಂಡೇ ನಮ್ಮನ್ನು ಕಳಿಸಿದ್ದು. ಸುಮ್ಮನೆ ಕಾಯುವ ಹೆಂಗಸಲ್ಲ ಅವರು.

ಡಾಕ್ಟರು ಊಟ ಬಿಟ್ಟು, ಕಾಪಾಡಿಕೊಂಡಿದ್ದ ಪೆಟ್ರೋಲು ಸುರಿದು ತಮ್ಮ ಕಾರು ಹೊರಡಿಸಿದರು. ನಾನು ಕಾರು ಹತ್ತಿದ್ದು ಅದೇ ಮೊದಲು. ದಾರಿಯಲ್ಲಿ ಏನು ನೋಡಿದೆ ಅಂತ ಕೇಳಿದರೆ ಹೇಳಲಾರೆ. ಕಣ್ಣಮುಂದೆ ಬರೀ ಆ ಬಟ್ಟಲು. ಪಕ್ಕದಲ್ಲಿ ಮಾವ "ಕೊಟ್ಟಿರಬಾರ್ದು, ಕೊಟ್ಟಿರಬಾರ್ದು" ಅಂತ ಬಾಯೊಳಗೇ ಅನ್ನುತ್ತಿದ್ದರು.

ಅಂಗಳಕ್ಕೆ ಇಳಿದರೆ ಒಳಗಿಂದ ಅತ್ತೆಯ ದನಿ ಕೇಳಿತು. "ಕತ್ತೆಯಂಗೆ ಬೆಳ್ದಿದೀಯ, ಬಾಯ್ ಬುಡ್ಲಾ." ಓಡಿಹೋದೆವು. ಅತ್ತೆಯ ಸೀರೆಯೆಲ್ಲ ಎಣ್ಣೆ, ದಿಂಬೆಲ್ಲ ಎಣ್ಣೆ. ನಮ್ಮ ಯಜಮಾನರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಗೋಡೆಗೆ ಮುಖ ತಿರುಗಿಸಿಕೊಂಡಿದ್ದರು. ಚಿಕ್ಕಂದಿನಿಂದ ಅವರಿಗೆ ಹರಳೆಣ್ಣೆ ಅಂದರೆ ಆಗದು. ಒಂದು ತೊಟ್ಟೂ ಒಳಗಿಳಿದಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅಷ್ಟು ಹಾಯಾಗಿ ಅತ್ತಿದ್ದು ಆಮೇಲೆ ಯಾವತ್ತೂ ಇಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಯಿತು. "ಸಮಯಕ್ಕೆ ಸರಿಯಾಗಿ ಸಿಕ್ಕಿತು. ಜೀವಕ್ಕೆ ಭಯವಿಲ್ಲ" ಅಂದರು ಡಾಕ್ಟರು. ಮಾವ ಪಂಚೆಯಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಅವ್ವಾ, ಆ ಜಾಗ ಸವರಿ ಊದಿ ಬಿಟ್ಯಾ?" ಅಂತ ಕೇಳಿದರು. ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಇಲ್ಲ ಅಂದೆ. ಅವರು ಅತ್ತೆಯ ಕಿವಿಗೆ ಹಾಕಿದರೋ ಏನೋ, ಅವತ್ತಿನಿಂದ ಅತ್ತೆ ಮಂಗಳವಾರ, ಶುಕ್ರವಾರ ತಪ್ಪದೆ ನನಗೆ ದೃಷ್ಟಿ ತೆಗೆಯತೊಡಗಿದರು. ಹೊಲಿಗೆ ಬಿಚ್ಚಿಸಲು ಹೋದಾಗ ನೋಡಿದೆ, ಪಟದ ಎರಡೂ ಪಕ್ಕಕ್ಕೆ ಡಾಕ್ಟರು ಕೆಂಪು ಶಾಯಿಯಲ್ಲಿ ದಪ್ಪಗೆ "ಬಲ", "ಎಡ" ಅಂತ ಕನ್ನಡದಲ್ಲಿ ಬರೆದಿದ್ದರು.

ನಾನಂತೂ ಹೆರುವ ತನಕ ರಾತ್ರಿ ಬಲಗಡೆ ಕೈಯಿಟ್ಟು ನೋಡಿಕೊಳ್ಳದೆ ಮಲಗಿದವಳಲ್ಲ. ಧೈರ್ಯ ಮಾಡಿದ್ದು ಒಂದು ಗಳಿಗೆ, ಹೆದರಿದ್ದು ಐದು ತಿಂಗಳು. ಆದರೂ ಮಾಡಿದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಲಿಲ್ಲ. ಈಗಲೂ ಯಾರಾದರೂ ಡಾಕ್ಟರ ಮುಂದೆ ನಾಚಿಕೊಂಡು ಬರೀ "ಹೊಟ್ಟೆ" ಅಂದರೆ ನನಗೆ ತಡೆಯುವುದಿಲ್ಲ, ಕೈಯಿಟ್ಟು ತೋರಿಸಿ ಅಂತ ಗದರುತ್ತೇನೆ.

ಭಾದ್ರಪದದಲ್ಲಿ ಹೆರಿಗೆಯಾಯಿತು. ಹೆಣ್ಣೋ ಗಂಡೋ ಅಂತ ಹೊರಗಿನಿಂದ ಮಾವ ಕೇಳುತ್ತಲೇ ಇದ್ದರು. ಅತ್ತೆ ಮೊದಲು ಕೂಸನ್ನು ದೀಪದ ಹತ್ತಿರ ಹಿಡಿದು, ಅದರ ಬಲಗಡೆಯ ಕಿಬ್ಬೊಟ್ಟೆಯ ಮೇಲೆ ಹೆಬ್ಬೆರಳು ಮೆಲ್ಲಗೆ ಆಡಿಸಿದರು. ಕೂಸು ಅಳಲಿಲ್ಲ, ಕಾಲು ಝಾಡಿಸಿತು, ನೆಟ್ಟಗೆ ನೀಡಿತು.

"ಏನೂ ಇಲ್ಲ ಕಣವ್ವಾ" ಅಂದರು ಅತ್ತೆ ನನ್ನ ಕಡೆ ತಿರುಗಿ. ಆಮೇಲೆ ಬಾಗಿಲ ಕಡೆ ಮುಖ ಮಾಡಿ, "ಹೆಣ್ಣು" ಅಂದರು.