ಸಾಹೇಬರ ಮೊಮ್ಮಗಳು ರಟ್ಟಿನ ಪೆಟ್ಟಿಗೆಯಲ್ಲಿ

"ನನ್ನ ಮೊಮ್ಮಗಳು" ಎಂದು ನಮ್ಮ ಸ್ಕಾಟ್ಲೆಂಡಿನ ಸಾಹೇಬರು ಮೊಬೈಲ್ ಚಾಚಿದರು. ನೋಡಿದರೆ, ಹತ್ತು ದಿನದ ಕೂಸು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದೆ! ಸೌದಿಯ ಯಾನ್ಬುವಿನ ಪ್ಲಾಂಟಿನಲ್ಲಿ ಅವರ ನಡಿಗೆ, ಕೆಮ್ಮು, ಬೈಗುಳ ಎಲ್ಲವನ್ನೂ ಅಣಕಿಸಿ ಪುಕ್ಕಟೆ ಚಹಾ ಗಿಟ್ಟಿಸುತ್ತಿದ್ದ ನನಗೆ ಅಂದು ಚಹಾವೂ ಬೇಡವಾಯಿತು.

ಸಂಜೆ ಕ್ಯಾಂಪಿನ ರೂಮಿನಲ್ಲಿ ವಿಷಯ ಹೇಳಿದೆ. ಜೊತೆಗಿದ್ದ ಉಳ್ಳಾಲದ ಹಮೀದಾಕ ಊರಿಗೆ ಹೊರಡಲು ರಟ್ಟಿನ ಕಾರ್ಟನ್ ಕಟ್ಟುತ್ತಿದ್ದರು.

"ಎಂತ ಮಾರಾಯ, ಅಷ್ಟು ದೊಡ್ಡ ಸಾಹೇಬನ ಮೊಮ್ಮಗಳಿಗೆ ಒಂದು ತೊಟ್ಟಿಲಿಗೆ ಗತಿ ಇಲ್ವಾ? ನಾವು ಕಾರ್ಟನಿಗೆ ಖರ್ಜೂರ, ಸಾಬೂನು ಹಾಕುದು. ಅವರು ಮಗುವನ್ನೇ ಹಾಕಿದ್ದಾರಲ್ಲ!"

ಹಾಗೆಂದವರು, ಊರಲ್ಲಿ ಹುಟ್ಟಿದ್ದ ತಮ್ಮ ಮಗಳಿಗೆಂದು ಕೊಂಡಿದ್ದ ಮೆತ್ತನೆಯ ಕಂಬಳಿ ತೆಗೆದು ನನ್ನ ಕೈಗಿಟ್ಟರು. "ಕೊಡು ಅವರಿಗೆ. ನನ್ನ ಮಗುವಿಗೆ ಬೇರೆ ಉಂಟು."

ಬೇರೆ ಇಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡು ಕಂಬಳಿ ಕೊಟ್ಟೆ. ಕಾರಣ ಕೇಳಿದ ಸಾಹೇಬರು ಹೆಲ್ಮೆಟ್ ಜಾರುವಷ್ಟು ನಕ್ಕರು. "ನಮ್ಮಲ್ಲಿ ಹುಟ್ಟುವ ಪ್ರತಿ ಮಗುವಿಗೂ ಸರ್ಕಾರ ಆ ಪೆಟ್ಟಿಗೆ ಕೊಡುತ್ತದಪ್ಪ. ಬಡವರು, ಶ್ರೀಮಂತರು ಅಂತಿಲ್ಲ. ಒಳಗೆ ಬಟ್ಟೆ, ಥರ್ಮಾಮೀಟರ್, ಪುಸ್ತಕ ಇರುತ್ತವೆ. ಖಾಲಿ ಮಾಡಿದರೆ ಪೆಟ್ಟಿಗೆಯೇ ಹಾಸಿಗೆ!"

ನಾಚಿ ಕಂಬಳಿಯನ್ನು ಹಿಂದಕ್ಕೆಳೆದೆ. ಅವರು ಬಿಡಲಿಲ್ಲ. "ಇದು ಸರ್ಕಾರದ್ದಲ್ಲವಲ್ಲ! ಮೊಮ್ಮಗಳಿಗೆ ಬೇಕೇ ಬೇಕು."

ಆ ವಾರವೇ, ಹಮೀದಾಕ ಊರಿಗೆ ಹೊರಡುವ ಮುನ್ನ, ನಾವೆಲ್ಲ ಸೇರಿ ಅವರ ಮಗಳಿಗೂ ಒಂದು ಪೆಟ್ಟಿಗೆ ತುಂಬಿದೆವು. ಈಗ ನಮ್ಮ ಕ್ಯಾಂಪಿನಲ್ಲಿ ಯಾರಿಗೆ ಮಗುವಾದರೂ ಪೆಟ್ಟಿಗೆ ಸಿದ್ಧ. ಬೇಕಾ ಬೇಡವಾ ಎಂದು ಯಾರೂ ಕೇಳುವುದಿಲ್ಲ. ಸರದಿಯಲ್ಲಿ ನಾನೂ ಇದ್ದೇನೆ, ಹುಡುಗಿ ಮಾತ್ರ ಇನ್ನೂ ಸಿಕ್ಕಿಲ್ಲ.